ಮಗುವಿನ ಕೈಗೆ ಮೊಬೈಲ್ ಬೇಡ, ಮಾತು ಕೊಡಿ

ಬಂಗಾರಪೇಟೆ, ಮಾಲೂರು ಕಡೆಯಿಂದ ರೈಲಿನಲ್ಲಿ ಬಂದವರು ಕೆ.ಆರ್. ಪುರದಲ್ಲಿ ಇಳಿದು ಮೆಟ್ರೋ ಹತ್ತುವುದು ಈಗ ಮಾಮೂಲಿ. 2023ರ ಅಕ್ಟೋಬರ್ 9ರಿಂದ ಅಲ್ಲಿಂದ ನೇರವಾಗಿ ಹಲಸೂರಿಗೆ ಹೋಗಬಹುದು. ಆಸ್ಪತ್ರೆಗೋ ಮದುವೆ ಬಟ್ಟೆಗೋ ಹೊರಟವರ ಜೊತೆ ಪುಟ್ಟ ಮಗುವೂ ಇರುತ್ತದೆ. ಹಟ ಮಾಡದಿರಲಿ ಎಂದು ಅದರ ಕೈಗೆ ಮೊಬೈಲ್ ಕೊಡುತ್ತೇವೆ. ಮಗು ಸುಮ್ಮನಾಗುತ್ತದೆ. ಆದರೆ ಮಾತು ಕಲಿಯುವ ವಯಸ್ಸಿನಲ್ಲಿ ಹಾಗೆ ಸುಮ್ಮನಾಗುವುದು ನಷ್ಟವೇ.

ಮೊಬೈಲ್ ಎಷ್ಟು ಮಾತಾಡಿದರೂ ಮಗು ಹೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಆ ಕೆಲಸ ನಮ್ಮದು.

ಕೆ.ಆರ್. ಪುರ ಬಿಟ್ಟ ಮೇಲೆ ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ, ಐದನೆಯದು ಹಲಸೂರು. ಮಗುವಿನ ಜೊತೆ ಬೆರಳು ಮಡಚಿ ಎಣಿಸಿ. ಕಿಟಕಿಯಾಚೆ ನೋಡಿ ಮಗು "ಬಸ್ಸು" ಎಂದರೆ, "ಹೌದು, ದೊಡ್ಡ ಬಸ್ಸು ಹೋಗ್ತಿದೆ" ಎಂದು ಒಂದೆರಡು ಪದ ಸೇರಿಸಿ ಹೇಳಿ. ಪ್ರಶ್ನೆ ಕೇಳಿದರೆ ಸ್ವಲ್ಪ ಕಾಯಿರಿ, ಉತ್ತರ ನೀವೇ ಹೇಳಬೇಡಿ.

ಶಿವಾಜಿನಗರದಲ್ಲಿ 1927ರ ರಸೆಲ್ ಮಾರುಕಟ್ಟೆ ಇದೆ. ಅಲ್ಲಿ ಹಣ್ಣು, ತರಕಾರಿ, ಹೂವು ಎಲ್ಲಕ್ಕೂ ಹೆಸರಿದೆ, ಬಣ್ಣವಿದೆ, ವಾಸನೆಯಿದೆ. ಸೀಬೆಹಣ್ಣನ್ನು ಮಗುವಿನ ಕೈಗೇ ಕೊಟ್ಟು ಹೆಸರು ಹೇಳಿ. ಮುಟ್ಟಿ ಮೂಸಿದ ಹಣ್ಣಿನ ಹೆಸರು ಬೇಗ ಮರೆಯುವುದಿಲ್ಲ.

ಪೇಟೆಗೆ ಬಂದೆವೆಂದು ನಮ್ಮ ಹಳ್ಳಿ ಮಾತಿಗೆ ನಾಚಬೇಕಿಲ್ಲ, ಬಾರದ ಇಂಗ್ಲಿಷಿನಲ್ಲಿ ಮಗುವನ್ನು ಮಾತಾಡಿಸಬೇಕಿಲ್ಲ. ಆ ಮಾರುಕಟ್ಟೆಯಲ್ಲೇ ಕನ್ನಡ, ಉರ್ದು, ತಮಿಳು ಒಟ್ಟಿಗೆ ಕೇಳಿಸುತ್ತವೆ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಮಾತು ತಡವಾಗುತ್ತದೆ ಎಂಬುದು ತಪ್ಪು ನಂಬಿಕೆ. ಮನೆಮಾತು ಕನ್ನಡವಿರಲಿ, ತೆಲುಗಿರಲಿ, ನಿಮಗೆ ಸಲೀಸಾಗಿ ಬರುವ ಮಾತಿನಲ್ಲೇ ಮಾತಾಡಿಸಿ. ಊರಿಗೆ ಮರಳಿದ ಮೇಲೆ "ಏನೇನು ನೋಡ್ದೆ, ಅಜ್ಜಿಗೆ ಹೇಳು" ಅನ್ನಿ. ನೋಡಿದ್ದನ್ನು ನೆನೆದು ಜೋಡಿಸಿ ಹೇಳುವ ಅಭ್ಯಾಸ ಹೀಗೇ ಶುರುವಾಗುವುದು.

ಇಷ್ಟೆಲ್ಲ ಮಾಡಿಯೂ 18 ತಿಂಗಳಿಗೆ ಒಂದೂ ಪದ ಆಡದಿದ್ದರೆ, 2 ವರ್ಷಕ್ಕೆ "ಅಮ್ಮ ಬಾ" ಎಂದು ಎರಡು ಪದ ಕೂಡಿಸದಿದ್ದರೆ, "ಅವರಪ್ಪನೂ ತಡವಾಗೇ ಮಾತಾಡಿದ್ದು" ಎಂದು ಕಾಯುತ್ತಾ ಕೂರಬೇಡಿ. ಅಂಗನವಾಡಿ ಟೀಚರಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಇದಕ್ಕೆಂದೇ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಮಾತಾಡಿಸುವುದಕ್ಕೆ ಕಾಸು ಬೇಕಿಲ್ಲ. ಮುಂದಿನ ಸಲ ಪೇಟೆಗೆ ಹೊರಟಾಗ ಮೊಬೈಲ್ ಜೇಬಿನಲ್ಲೇ ಇರಲಿ.