ಪಟ್ಟಣದ ಅಂಚಿನ ಭೂಮಿಯೂ ನೆಲದ ಕಾವೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಪಟ್ಟಣಗಳ ಅಂಚಿನಲ್ಲಿ ಸಾಗುವಳಿಯ ಭೂಮಿಯು ನಿವೇಶನಗಳಾಗಿ ಮಾರ್ಪಡುತ್ತಿರುವುದು ಎಲ್ಲರಿಗೂ ತಿಳಿದ ವಿಷಯವಾಗಿದೆ. ಇದರಿಂದ ಭೂಮಾಲೀಕರಿಗೆ ದೊರೆಯುವ ಹಣದ ಲೆಕ್ಕವನ್ನು ಎಲ್ಲರೂ ಬಲ್ಲರು. ಊರಿನ ಕಾವು ಹೆಚ್ಚುವ ಲೆಕ್ಕವನ್ನು ಮಾತ್ರ ಬಹುಮಂದಿ ಯೋಚಿಸಿದಂತೆ ತೋರುವುದಿಲ್ಲ.

ಈ ಕಾವನ್ನು ಈಗ ಆಕಾಶದಿಂದಲೇ ಅಳೆಯಲಾಗುತ್ತಿದೆ. 2013ರಲ್ಲಿ ಹಾರಿಬಿಟ್ಟ ಲ್ಯಾಂಡ್‌ಸ್ಯಾಟ್ 8 ಎಂಬ ಉಪಗ್ರಹವು ಸುಮಾರು 705 ಕಿಲೋಮೀಟರು ಎತ್ತರದಲ್ಲಿ ಸಂಚರಿಸುತ್ತ, 16 ದಿನಗಳಿಗೊಮ್ಮೆ ಒಂದೇ ಪ್ರದೇಶದ ಮೇಲೆ ಹಾದು, ನೆಲವು ಹೊರಸೂಸುವ ಉಷ್ಣಕಿರಣಗಳನ್ನು ಗ್ರಹಿಸುತ್ತದೆ. ಇದು ತಿಳಿಸುವುದು ನೆಲದ ಮೈಯ ಉಷ್ಣತೆಯನ್ನೇ ಹೊರತು, ನೆರಳಿನಲ್ಲಿಟ್ಟ ಉಷ್ಣಮಾಪಕವು ತೋರುವ ಗಾಳಿಯ ಉಷ್ಣತೆಯನ್ನಲ್ಲ.

ನೆಲದ ಹೊದಿಕೆ ಬದಲಾದಂತೆ ಕಾವೂ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಭತ್ತದ ಗದ್ದೆಯು ತಂಪಾಗಿರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಹೀರಿಕೊಳ್ಳುವ ಉಷ್ಣವು ಸುಮಾರು ಏಳು ಲೀಟರ್ ತಣ್ಣೀರನ್ನು ಕುದಿಯುವಂತೆ ಮಾಡಲು ಸಾಕಾದಷ್ಟಿರುವುದೇ ಇದಕ್ಕೆ ಕಾರಣ. ಗದ್ದೆಯ ಜಾಗದಲ್ಲಿ ಕಾಂಕ್ರೀಟು, ಡಾಂಬರು, ತಗಡು ಬಂದರೆ ಆವಿಯಾಗಲು ನೀರೇ ಇರುವುದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಲಿಂಗಸುಗೂರಿನ ಕಡೆ ನೀರಾವರಿಯಿಲ್ಲದ ಎರೆ ಹೊಲವು ಬೇಸಿಗೆಯಲ್ಲಿ ಬೆಳೆಯಿಲ್ಲದೆ ಒಣಗಿ ಬಿದ್ದಿರುವಾಗ, ಹಗಲಿನಲ್ಲಿ ಪಟ್ಟಣಕ್ಕಿಂತಲೂ ಹೆಚ್ಚು ಕಾದಂತೆ ಚಿತ್ರದಲ್ಲಿ ಕಾಣಬಹುದು. ಇದನ್ನು ನೋಡಿ ಪಟ್ಟಣವೇ ತಂಪೆಂದು ಬಗೆಯುವುದು ತಪ್ಪು. ಈ ಉಪಗ್ರಹವು ನಮ್ಮ ಮೇಲೆ ಹಾದು ಅಳೆಯುವುದು ಸಾಮಾನ್ಯವಾಗಿ ಬೆಳಗಿನ ಹೊತ್ತಿನಲ್ಲಿ. ಸೂರ್ಯಾಸ್ತವಾದ ಮೇಲೆ ಬರಿಯ ಹೊಲವು ಬೇಗ ಆರುತ್ತದೆ. ಕಲ್ಲು, ಕಾಂಕ್ರೀಟುಗಳು ಮಸ್ಕಿಯ ಬಂಡೆಗುಡ್ಡದಂತೆ ಹೀರಿದ ಕಾವನ್ನು ಇರುಳಿನಲ್ಲಿ ನಿಧಾನವಾಗಿ ಬಿಡುತ್ತವೆ. ಮನೆಯಲ್ಲಿ ನಿದ್ದೆಗೆಡುವ ಮಕ್ಕಳಿಗೂ ವೃದ್ಧರಿಗೂ ತಟ್ಟುವುದು ಈ ಕಾವೇ.

ತನ್ನ ಭೂಮಿಯನ್ನು ಮಾರಲು ಮಾಲೀಕನಿಗೆ ಹಕ್ಕುಂಟು. ಊರು ಬೆಳೆಯುವುದೂ ಬೇಡವೆನ್ನಲಾಗದು. ಆದರೆ ಎಲ್ಲಿ, ಹೇಗೆ ಬೆಳೆಯಬೇಕೆಂಬ ವಿಚಾರದಲ್ಲಿ ಗ್ರಾಮದ ಮುಖಂಡರ ಮಾತಿಗೆ ಬೆಲೆಯುಂಟು. ನೀರಾವರಿ ಗದ್ದೆಯನ್ನು ಬಿಟ್ಟು, ಬೆಳೆಗೆ ಒದಗದ ಪಾಳು ಭೂಮಿಯನ್ನು ನಿವೇಶನಗಳಿಗೆ ಆರಿಸುವುದು ಲೇಸು. ಕೆರೆಯಂಗಳವನ್ನೂ ಹಳ್ಳದ ದಡವನ್ನೂ ಮುಟ್ಟದೆ ಬಿಡತಕ್ಕದ್ದು. ಬದುವಿನ ಬೇವನ್ನು ಕಡಿಯುವ ಮೊದಲು, ಆ ಮರವನ್ನು ಉಳಿಸಿಕೊಂಡೇ ರಸ್ತೆಯ ಗುರುತು ಹಾಕಲಾಗುವುದೇ ಎಂದು ನೋಡತಕ್ಕದ್ದು. ಸಸಿ ನೆಟ್ಟು ನೆರಳು ಪಡೆಯಲು ಹಲವು ವರ್ಷ ಬೇಕು. ಕಡಿಯಲು ಒಂದು ದಿನ ಸಾಕು.

1915ರಲ್ಲಿ ಮಸ್ಕಿಯಲ್ಲಿ ಯಾವ ಅರಸನ ಶಾಸನವು ಬೆಳಕಿಗೆ ಬಂದಿತೋ, ಆ ಅಶೋಕನು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿ ತನ್ನ ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆತನ ಶಾಸನವನ್ನು ಕಾಪಾಡಿಕೊಂಡಿರುವ ಸೀಮೆಯವರು ಆ ನೆರಳನ್ನೂ ಕಾಪಾಡಿಕೊಳ್ಳುವುದು ಉಚಿತವಾಗಿದೆ.