ಕ್ರಿಸ್ತಜಯಂತಿಯೂ ಬೆಳೆಯುತ್ತಿರುವ ಮಕ್ಕಳೂ

ಡಿಸೆಂಬರ್ ತಿಂಗಳು ಬಂದಿತೆಂದರೆ ಕ್ರೈಸ್ತ ಬಂಧುಗಳ ಮನೆಗಳ ಮುಂದೆ ನಕ್ಷತ್ರದೀಪಗಳು ಏರುವುವು. ಐದಾರು ವರ್ಷದ ಮಗುವನ್ನು ಈ ಹಬ್ಬದಲ್ಲಿ ನಲಿಸುವುದು ಕಷ್ಟವಲ್ಲ. ಹೊಸ ಅಂಗಿ, ಸಿಹಿತಿಂಡಿ, ಬೆಳಗಾಗುವುದರೊಳಗೆ ತಲೆದಿಂಬಿನ ಬಳಿ ಬಂದು ಕುಳಿತ ಒಂದು ಆಟದ ಸಾಮಾನು, ಇಷ್ಟಾದರೆ ಸಾಕು. ಹತ್ತು ತುಂಬಿದ ಮೇಲೆ ಹಾಗಲ್ಲ. ಉಡುಗೊರೆಯ ಡಬ್ಬಿಯನ್ನು ತಿರುಗಿಸಿ ಅಂಗಡಿಯ ಗುರುತನ್ನು ಕಂಡುಹಿಡಿದ ಮಗು, “ಅಮ್ಮಾ, ಸಾಂತಾ ಕ್ಲಾಸ್ ತಾತ ನಿಜವಾಗಿಯೂ ಇದ್ದಾನೆಯೆ?” ಎಂದು ಕೇಳಿಯೇ ಕೇಳುವುದು. ಆಗ ತಾಯ್ತಂದೆಗಳ ಎದೆ ತುಸು ಅಳುಕುವುದುಂಟು. ಹಬ್ಬದ ಸೊಗಸು ಮುಗಿಯಿತೆ ಎಂಬುದು ಒಂದು ಚಿಂತೆ. ಇನ್ನು ಮೇಲೆ ಮಗು ನಮ್ಮ ಮಾತನ್ನು ನಂಬದೆ ಹೋದೀತೆ ಎಂಬುದು ಅದಕ್ಕಿಂತ ದೊಡ್ಡ ಚಿಂತೆ.

ಕೇಳಿದ ಮಗುವಿಗೆ ನಿಜವನ್ನೇ ಹೇಳಬೇಕೆಂದು ನಮ್ಮ ಅಭಿಪ್ರಾಯ. ಆ ನಿಜವೇನೂ ಸಪ್ಪೆಯಲ್ಲ. ಇಂದಿನ ತುರ್ಕಿ ದೇಶದಲ್ಲಿರುವ ಮೈರಾ ಎಂಬ ಪಟ್ಟಣದಲ್ಲಿ ೪ನೆಯ ಶತಮಾನದಲ್ಲಿ ನಿಕೋಲಾಸ್ ಎಂಬ ಧರ್ಮಾಧ್ಯಕ್ಷನಿದ್ದನು. ಮೂವರು ಬಡ ಹೆಣ್ಣುಮಕ್ಕಳ ಮದುವೆಗಾಗಿ ಆತನು ರಾತ್ರಿಯ ವೇಳೆ ಗುಟ್ಟಾಗಿ ಚಿನ್ನದ ಗಂಟುಗಳನ್ನು ಅವರ ಮನೆಯೊಳಕ್ಕೆ ಎಸೆದನೆಂದು ಐತಿಹ್ಯ. ಡಿಸೆಂಬರ್ ೬ ಆತನ ಹಬ್ಬದ ದಿನ. ಸಾಂತಾ ಕ್ಲಾಸ್ ಎಂಬ ಹೆಸರು ಆತನ ಹೆಸರಿನಿಂದಲೇ ಬಂದುದು. ಕತೆಯನ್ನು ಹೇಳಿ, “ಕೊಟ್ಟವರಾರೆಂದು ತಿಳಿಯದಂತೆ ಕೊಡುವುದೇ ಇದರ ಗುಟ್ಟು. ಈ ವರ್ಷ ತಮ್ಮನ ದಿಂಬಿನ ಬಳಿ ಇಡುವ ಕೆಲಸ ನಿನ್ನದು” ಎಂದರೆ, ಮಗು ಮೋಸಹೋದೆನೆಂದು ಕೊರಗದೆ, ದೊಡ್ಡವರ ಪಂಕ್ತಿಗೆ ಸೇರಿದೆನೆಂದು ಹಿಗ್ಗುವುದು.

ಮಗುವಿಗೆ ಹೀಗೆ ಹೊಣೆಯನ್ನು ಕೊಡುವುದು ಒಂದೇ ಮತದವರ ಪದ್ಧತಿಯಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಷಿಯಾ ಮುಸಲ್ಮಾನರೇ ಹೆಚ್ಚಾಗಿರುವ ಊರು. ಷಿಯಾ ಸಂಪ್ರದಾಯದಲ್ಲಿ ಹೆಣ್ಣುಮಗುವಿಗೆ ಚಾಂದ್ರಮಾನದ ೯ ವರ್ಷ ತುಂಬಿದೊಡನೆ ನಮಾಜು, ರಂಜಾನ್ ಉಪವಾಸಗಳ ಕರ್ತವ್ಯ ಬರುವುದೆಂದು ಸಾಮಾನ್ಯವಾಗಿ ಎಣಿಸುವರು. ಗಂಡುಮಕ್ಕಳಿಗೆ ಅದು ಇನ್ನೂ ಕೆಲವು ವರ್ಷಗಳ ಮೇಲೆ. ಪರ್ವದಿನವನ್ನು ಬರಿದೆ ನೋಡುತ್ತಿದ್ದ ಮಗು ಅದನ್ನು ನಡೆಸುವವರಲ್ಲಿ ಒಬ್ಬರಾಗುವ ಕಾಲವೊಂದು ಎಲ್ಲ ಮನೆಗಳಲ್ಲಿಯೂ ಬರುವುದು.

ಕ್ರಿಸ್ತಜಯಂತಿಯಲ್ಲಿ ಅಂತಹ ಕೆಲಸಗಳಿಗೆ ಕೊರತೆಯಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ‘ಕುಸ್ವಾರ್’ ಎಂಬ ಹಬ್ಬದ ತಿಂಡಿಗಳನ್ನು ಮಾಡುವರು. ನಮ್ಮ ಕರ್ಜಿಕಾಯಿಯನ್ನು ಹೋಲುವ ನೆವ್ರಿ ಅವುಗಳಲ್ಲೊಂದು. ಕಿಡಿಯೊ ಎಂಬುದಕ್ಕೆ ಹಿಟ್ಟಿನ ಚಿಕ್ಕ ಉಂಡೆಯನ್ನು ಮುಳ್ಳುಚಮಚದ ಬೆನ್ನಿಗೆ ಒತ್ತಿ ಸುರುಳಿ ಸುತ್ತಬೇಕು. ಸುತ್ತುವುದಕ್ಕೆ ಮಕ್ಕಳ ಬೆರಳೇ ಲೇಸು. ಕಾದ ಎಣ್ಣೆಯ ಕೆಲಸ ಮಾತ್ರ ದೊಡ್ಡವರಿಗಿರಲಿ. ತಿಂಡಿಯ ತಟ್ಟೆಯನ್ನು ನೆರೆಹೊರೆಯ ಅನ್ಯಮತೀಯರ ಮನೆಗಳಿಗೆ ಒಯ್ದು, ಹಿರಿಯರೊಡನೆ ಎರಡು ಮಾತನಾಡಿ ಬರುವ ಭಾರವನ್ನೂ ಹನ್ನೊಂದು ವರ್ಷದ ಮಗು ಹೊರಬಲ್ಲದು.

ಗೋದಲಿಯನ್ನು ಕಟ್ಟುವುದು ಮತ್ತೊಂದು ಕೆಲಸ. ಅಸೀಸಿಯ ಸಂತ ಫ್ರಾನ್ಸಿಸನು ೧೨೨೩ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಯೇಸುವಿನ ಜನನವನ್ನು ಜನರ ಕಣ್ಣಮುಂದೆ ತಂದನು. ಹಬ್ಬಕ್ಕೆ ಹತ್ತು ದಿನ ಮುಂಚೆ ನೆನೆಸಿದ ರಾಗಿಯನ್ನು ತಟ್ಟೆಯ ಮಣ್ಣಿನಲ್ಲಿ ಬಿತ್ತಿ ನಿತ್ಯವೂ ನೀರು ಚಿಮುಕಿಸಿದರೆ, ಗೋದಲಿಯ ಮುಂದೆ ಹಸಿರು ಹೊಲವೇ ಸಿದ್ಧವಾಗುವುದು. ನೀರಿನ ಲೆಕ್ಕ ಮಗುವಿನದೇ ಆಗಿರಲಿ. ಮರೆತರೆ ಬಾಡುವುದೆಂಬುದನ್ನು ತಾನಾಗಿಯೇ ಕಲಿಯಲಿ.

ಒಂದು ಎಚ್ಚರಿಕೆಯ ಮಾತು. ಈ ವಯಸ್ಸಿನ ಮಗು ಹಗಲಿನಲ್ಲಿ ದೊಡ್ಡವರಂತೆ ನಡೆದು, ರಾತ್ರಿಯಾದರೆ ಮತ್ತೆ ಮಗುವಾಗುವುದುಂಟು. ಆದುದರಿಂದ ಹಳೆಯ ಆಟಗಳನ್ನೆಲ್ಲ ಒಮ್ಮೆಗೇ ಎತ್ತಿಹಾಕಬಾರದು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂದು ಮಗುವನ್ನೇ ಕೇಳಬೇಕು. ತಮ್ಮನ ಉಡುಗೊರೆಯನ್ನು ಗುಟ್ಟಾಗಿ ಇಟ್ಟುಬಂದ ಅಕ್ಕನ ದಿಂಬಿನ ಬಳಿಯೂ ಬೆಳಗ್ಗೆ ಏನಾದರೊಂದು ಇರಲಿ. ಯಾರಿಟ್ಟರೆಂದು ಅವಳಿಗೆ ಗೊತ್ತು, ಗೊತ್ತಿದ್ದರೂ ಹಿಗ್ಗುವಳು.