ಒಂದು ಬಾಟ್ಲಿ ಕೂಲಂಟ್, ಉಳಿದದ್ದು ಬೋರಿನ ನೀರು

ಏಪ್ರಿಲ್ ಬಂತೆಂದರೆ ಇಂಡಿ, ಸಿಂದಗಿ ರಸ್ತೆಗಳಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳು ಕಾಣುತ್ತವೆ. ಮೊನ್ನೆ ಒಬ್ಬ ಲಾರಿ ಚಾಲಕರನ್ನು ಕೇಳಿದೆ: ‘ಕೂಲಂಟ್ ಹಾಕೀರೇನ್ರಿ ಅಣ್ಣಾರ?’ ‘ಒಂದ್ ಲೀಟರ್ ಬಾಟ್ಲಿ ಹಾಕೀನ್ರಿ ಸರ, ಉಳಿದದ್ದು ಬೋರಿನ ನೀರು.’

ತಪ್ಪಿರುವುದು ಈ ಲೆಕ್ಕದಲ್ಲೇ. ಸಣ್ಣ ಕಾರಿಗೆ 4–5 ಲೀಟರ್ ಹಿಡಿದರೆ, ದೊಡ್ಡ ಲಾರಿಗೆ 20 ಲೀಟರ್ ಅಥವಾ ಹೆಚ್ಚೇ ಬೇಕು. ಸಾಮಾನ್ಯ ಅಳತೆ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಅಂದರೆ 20 ಲೀಟರಿಗೆ 10 ಲೀಟರ್ ಕೂಲಂಟ್. ಒಂದು ಬಾಟ್ಲಿಯಿಂದ ನೀರಿಗೆ ಬಣ್ಣ ಬರುತ್ತದೆ, ಅಷ್ಟೇ.

ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, ಅರ್ಧರ್ಧ ಮಿಶ್ರಣ ಸುಮಾರು 107ಕ್ಕೆ. ಅದಕ್ಕಿಂತ ಮುಖ್ಯವಾಗಿ, ಕೂಲಂಟ್ ತುಕ್ಕು ತಡೆಯುತ್ತದೆ. ನಮ್ಮ ಗಡಸು ನೀರು ಹಂಡೆಯೊಳಗೆ ಬಿಳಿ ಪದರ ಕಟ್ಟುವಂತೆ ರೇಡಿಯೇಟರಿನಲ್ಲೂ ಕಟ್ಟುತ್ತದೆ.

ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಗ್ಯಾರೇಜಿನವರಿಗೆ ನನ್ನ ಮಾತಿಷ್ಟೇ: ಬಾಟ್ಲಿ ಮಾರುವ ಮೊದಲು ಗಾಡಿಗೆ ಎಷ್ಟು ಲೀಟರ್ ಎಂದು ಪುಸ್ತಕ ನೋಡಿ ಹೇಳಿ, ಬಿಲ್ಲಿನಲ್ಲೂ ಬರೆಯಿರಿ. ರೆಡಿ ಮಿಕ್ಸ್ ಆದರೆ ನೀರು ಬೆರೆಸಬೇಡಿ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಲು ಯಾರನ್ನೂ ಬಿಡಬೇಡಿ. ಹಳೇ ಕೂಲಂಟನ್ನು ಗಟಾರಕ್ಕೆ ಸುರಿಯಬೇಡಿ. ಅದು ಸಿಹಿ ವಿಷ, ದನ, ನಾಯಿ ನೆಕ್ಕಿದರೆ ಸಾಯುತ್ತವೆ.

ಹೆಡ್ ಗ್ಯಾಸ್ಕೆಟ್ ಹೋದ ದಿನ ಗಾಡಿಯೊಂದೇ ನಿಲ್ಲುವುದಿಲ್ಲ. ಸಾಲದ ಕಂತು ಕಟ್ಟುವ ಮನೆಯ ದುಡಿಮೆಯೂ ನಿಲ್ಲುತ್ತದೆ.